ಲಾಗಿನ್ ದಾಖಲೆಗಳ ರೂಪಾಂತರ: ಯೂನಿಕ್ಸ್ ವ್ಯವಸ್ಥೆಯ ಒಂದು ಆಕರವನ್ನು ಕುರಿತು

ತಾಮ್ರಪಟವೊಂದು ದೊರೆತಾಗ, ಅದರಲ್ಲಿನ ದಾನದ ವಿಷಯವನ್ನು ವಿಚಾರಿಸುವುದಕ್ಕೆ ಮುನ್ನ ಚರಿತ್ರಕಾರನು ಕೇಳಬೇಕಾದ ಪ್ರಶ್ನೆಯೊಂದುಂಟು: ಇದು ದಾನ ಕೊಟ್ಟ ಕಾಲದಲ್ಲಿಯೇ ಬರೆಸಿದ ಪಟವೋ, ಅಥವಾ ಮೂಲವು ಹಾಳಾದುದರಿಂದ ಮುಂದೊಂದು ಕಾಲದಲ್ಲಿ ತೆಗೆಸಿದ ಪ್ರತಿಯೋ? ಪ್ರತಿಯೆಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಆದರೆ ಅದನ್ನು ಪ್ರತಿಯೆಂದು ತಿಳಿದೇ ಓದಬೇಕು. ಕಲ್ಲು, ತಾಮ್ರ, ಓಲೆಗಳ ವಿಷಯದಲ್ಲಿ ನಾವು ಈ ವಿವೇಕವನ್ನು ಮರೆಯುವುದಿಲ್ಲ. ಗಣಕಯಂತ್ರದ ದಾಖಲೆಗಳ ವಿಷಯದಲ್ಲಾದರೋ, ಅವುಗಳನ್ನು ಬರೆದುದೂ ಯಂತ್ರವೇ, ಪ್ರತಿ ಮಾಡಿದುದೂ ಯಂತ್ರವೇ ಆದುದರಿಂದ, ಮೂಲಕ್ಕೂ ಪ್ರತಿಗೂ ಭೇದವಿಲ್ಲವೆಂಬ ಭಾವನೆ ವಿದ್ಯಾವಂತರಲ್ಲಿಯೂ ಕಂಡುಬರುತ್ತದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಒಂದು ಚಿಕ್ಕ ಉದಾಹರಣೆಯ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಾವು ಆರಿಸಿಕೊಂಡಿರುವ ಉದಾಹರಣೆ ಯೂನಿಕ್ಸ್ ಎಂಬ ಗಣಕವ್ಯವಸ್ಥೆಯಲ್ಲಿಯೂ ಅದರ ಸಂತತಿಯಲ್ಲಿಯೂ ಇರುವ ಲಾಗಿನ್ ದಾಖಲೆ. ಯಂತ್ರವನ್ನು ಬಳಸಬಂದವನು ತನ್ನ ಹೆಸರನ್ನೂ ಗುಪ್ತಪದವನ್ನೂ ಕೊಟ್ಟು ಒಳಸೇರುವುದಕ್ಕೆ ಲಾಗಿನ್ ಎಂದು ಹೆಸರು. ಯಾರು, ಯಾವ ಸ್ಥಾನದಿಂದ, ಎಷ್ಟು ಹೊತ್ತಿಗೆ ಬಂದರು, ಯಾವಾಗ ಹೋದರು ಎಂಬುದನ್ನು ಯಂತ್ರವು ಒಂದು ಕಡತದಲ್ಲಿ ಬರೆದಿಡುತ್ತದೆ. ಐವತ್ತು ವರ್ಷಗಳಿಗೂ ಮಿಕ್ಕಿದ ಅವಧಿಯಲ್ಲಿ ಈ ಕಡತದ ರೂಪ ಹಲವು ಬಾರಿ ಬದಲಾಗಿದೆ. ಕೆಲವು ಬಾರಿ ಹಳೆಯ ಕಡತಗಳನ್ನು ಹೊಸ ರೂಪಕ್ಕೆ ತಿರುಗಿಸಲಾಗಿದೆ, ಕೆಲವು ಬಾರಿ ಕೈಬಿಡಲಾಗಿದೆ. ಆ ಬದಲಾವಣೆಯ ಕ್ರಮವನ್ನು ನೋಡಿದರೆ ಪ್ರತಿ ಮಾಡುವಿಕೆಯ ಎಲ್ಲ ಹಳೆಯ ತೊಡಕುಗಳೂ ಇಲ್ಲಿ ಮತ್ತೆ ಎದುರಾಗುವುದು ವಿದಿತವಾಗುತ್ತದೆ.

೧. ದಾಖಲೆಯ ಉತ್ಪತ್ತಿ

ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ಪದ್ಧತಿಯಿಂದ ಲಾಗಿನ್ ಹುಟ್ಟಿತು. ಅಮೆರಿಕದ ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಹೋದ್ಯೋಗಿಗಳು ೧೯೬೧ರ ನವೆಂಬರಿನಲ್ಲಿ ಪ್ರದರ್ಶಿಸಿದ 'ಸಿ.ಟಿ.ಎಸ್.ಎಸ್.' ಎಂಬ ವ್ಯವಸ್ಥೆ ಈ ಪದ್ಧತಿಯ ಆದ್ಯ ಉದಾಹರಣೆಗಳಲ್ಲೊಂದು. ಆ ಕಾಲದಲ್ಲಿ ಯಂತ್ರದ ಸಮಯವು ಬಹು ಬೆಲೆಯುಳ್ಳದ್ದು. ಅದನ್ನು ಬಳಸುವವರಿಗೆ ಇಂತಿಷ್ಟೆಂದು ಹಂಚಿ, ಲೆಕ್ಕವಿಡಬೇಕಾಗಿತ್ತು. ಆದುದರಿಂದ ಬಂದುಹೋದವರ ದಾಖಲೆಯು ಮೊದಲಿಗೆ ಹುಟ್ಟಿದ್ದು ಖರ್ಚುವೆಚ್ಚದ ಲೆಕ್ಕಕ್ಕಾಗಿಯೇ ಹೊರತು ಚರಿತ್ರೆಗಾಗಿ ಅಲ್ಲ. ನಮ್ಮ ದೇವಾಲಯಗಳ ಮತ್ತು ಮಠಗಳ ಕಡತಗಳನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯ ತೋರದು. ಚರಿತ್ರೆಯ ಒಳ್ಳೆಯ ಆಕರಗಳಲ್ಲಿ ಅನೇಕವು ಲೆಕ್ಕ ಬರೆಯುವವರ ಕೈಯಿಂದಲೇ ಬಂದವು.

ನ್ಯೂಜೆರ್ಸಿಯ ಮರ‍್ರೇ ಹಿಲ್ಲಿನ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ೧೯೬೯ರಲ್ಲಿ ಆರಂಭಿಸಿದ ಯೂನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿಯಲ್ಲಿ ೧೯೭೧ರ ನವೆಂಬರ್ ೩ರ ತಾರೀಖು ಇದೆ. ಅದರಲ್ಲಿಯೇ ಈ ಬಗೆಯ ಎರಡು ಕಡತಗಳ ವರ್ಣನೆ ದೊರೆಯುತ್ತದೆ. 'ಯುಟಿಎಂಪಿ' ಎಂಬುದು ಈಗ ಯಂತ್ರದಲ್ಲಿ ಯಾರಿದ್ದಾರೆ ಎಂಬುದನ್ನು ಹೇಳುವ ಕಡತ. 'ಡಬ್ಲ್ಯುಟಿಎಂಪಿ' ಎಂಬುದು ಬಂದವರು ಹೋದವರೆಲ್ಲರನ್ನೂ ಕ್ರಮವಾಗಿ ದಾಖಲಿಸುವ ಕಡತ. ಓದುವವರ ಅನುಕೂಲಕ್ಕಾಗಿ ಮೊದಲನೆಯದನ್ನು ಹಾಜರಿ ಕಡತವೆಂದೂ ಎರಡನೆಯದನ್ನು ದಿನಚರಿ ಕಡತವೆಂದೂ ಮುಂದೆ ಕರೆಯುತ್ತೇವೆ. ಹಾಜರಿ ಕಡತವು ಕ್ಷಣಕ್ಷಣಕ್ಕೂ ಬದಲಾಗುವಂಥದು. ದಿನಚರಿ ಕಡತವಾದರೋ ಬೆಳೆಯುತ್ತ ಹೋಗುವಂಥದು. ಚರಿತ್ರೆಗೆ ಸಂಬಂಧಿಸಿದ್ದು ಮುಖ್ಯವಾಗಿ ಇದೇ.

ಅಂದಿನ ದಿನಚರಿಯ ಒಂದು ನಮೂದಿನ ಉದ್ದ ೧೬ ಬೈಟುಗಳು, ಎಂದರೆ ಸುಮಾರಾಗಿ ಹದಿನಾರು ಅಕ್ಷರಗಳಷ್ಟು ಜಾಗ. ಮೊದಲ ಎಂಟು ಬೈಟುಗಳಲ್ಲಿ ಬಳಸುವವನ ಹೆಸರು, ಆಮೇಲೆ ಟರ್ಮಿನಲ್ಲಿನ, ಎಂದರೆ ಅವನು ಕುಳಿತ ಬೆರಳಚ್ಚು ಯಂತ್ರದ, ಹೆಸರಿನ ಕೊನೆಯ ಒಂದು ಅಕ್ಷರ, ಆಮೇಲೆ ನಾಲ್ಕು ಬೈಟುಗಳಲ್ಲಿ ಕಾಲ, ಉಳಿದದ್ದು ಖಾಲಿ. ಹೊರಟುಹೋದುದನ್ನು ತಿಳಿಸಲು ಪ್ರತ್ಯೇಕ ಪದವಿರಲಿಲ್ಲ. ಹೆಸರಿನ ಜಾಗವು ಬರಿದಾಗಿದ್ದರೆ ಆ ಟರ್ಮಿನಲ್ಲಿನಲ್ಲಿದ್ದವನು ಹೋದನೆಂದು ಅರ್ಥ. ಟರ್ಮಿನಲ್ಲಿನ ಜಾಗದಲ್ಲಿ 'ಎಕ್ಸ್' ಎಂಬ ಅಕ್ಷರವಿದ್ದರೆ ಯಂತ್ರವನ್ನೇ ಹೊಸದಾಗಿ ಚಾಲೂ ಮಾಡಲಾಯಿತೆಂದು ಅರ್ಥ. ಇನ್ನೂ ಒಂದು ಸ್ವಾರಸ್ಯವುಂಟು: ಈ ಕಡತವನ್ನು ಬರೆಯುತ್ತಿದ್ದ ಕಾರ್ಯಕ್ರಮಗಳು ಅದನ್ನು ತಾವಾಗಿ ಸೃಷ್ಟಿಸುತ್ತಿರಲಿಲ್ಲ. ಯಾರಾದರೂ ಅದನ್ನು ತೆಗೆದುಹಾಕಿದರೆ ದಾಖಲೆ ಮಾಡುವ ಕೆಲಸವೇ ನಿಂತುಹೋಗುತ್ತಿತ್ತು. ಆದುದರಿಂದ ದಾಖಲೆಯಿಲ್ಲದ ಒಂದು ತಿಂಗಳನ್ನು ಯಾರೂ ಯಂತ್ರವನ್ನು ಬಳಸದ ತಿಂಗಳೆಂದು ಭಾವಿಸಲಾಗದು.

೨. ಕಾಲಗಣನೆಯ ತೊಡಕು

ಶಾಸನದಲ್ಲಿ ಸಂವತ್ಸರದ ಸಂಖ್ಯೆ ಮಾತ್ರವಿದ್ದು, ಅದು ಶಕವರ್ಷವೋ ವಿಕ್ರಮವರ್ಷವೋ ತಿಳಿಯದಿದ್ದರೆ ಆಗುವ ಕಷ್ಟವನ್ನು ಬಲ್ಲವರಿಗೆ ಮುಂದಿನ ಸಂಗತಿ ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ಯೂನಿಕ್ಸಿನ ಮೊದಲ ಆವೃತ್ತಿಯಲ್ಲಿ ಕಾಲವನ್ನು ೧೯೭೧ರ ಜನವರಿ ೧ರಿಂದ ಮೊದಲುಮಾಡಿ, ಒಂದು ಸೆಕೆಂಡಿನ ಅರವತ್ತನೆಯ ಒಂದು ಭಾಗವನ್ನು ಮಾನವಾಗಿ ಹಿಡಿದು ಎಣಿಸುತ್ತಿದ್ದರು. ನಾಲ್ಕು ಬೈಟುಗಳಲ್ಲಿ, ಎಂದರೆ ೩೨ ಬಿಟ್ಟುಗಳಲ್ಲಿ, ಹಿಡಿಸುವ ಎಲ್ಲ ಸಂಖ್ಯೆಗಳೂ ಈ ಎಣಿಕೆಯಲ್ಲಿ ೮೨೮ ದಿನಗಳಿಗೆ, ಸುಮಾರು ಎರಡೂಕಾಲು ವರ್ಷಕ್ಕೆ, ಮುಗಿದುಹೋಗುತ್ತವೆ. ಆದುದರಿಂದ ಎಣಿಕೆಯ ಕ್ರಮವನ್ನು ಬದಲಿಸುವುದು ಅನಿವಾರ್ಯವಾಯಿತು. ೧೯೭೩ರ ನಾಲ್ಕನೆಯ ಆವೃತ್ತಿಯ ಹೊತ್ತಿಗೆ ಕಾಲವನ್ನು ೧೯೭೦ರ ಜನವರಿ ೧ರಿಂದ ಸೆಕೆಂಡುಗಳಲ್ಲಿ ಎಣಿಸುವ ರೂಢಿ ಬಂದಿತು. ಇಂದಿಗೂ ನಡೆದುಬಂದಿರುವ ರೂಢಿ ಇದೇ.

ಈ ಬದಲಾವಣೆಯ ಪರಿಣಾಮವನ್ನು ಒಂದು ಲೆಕ್ಕದಿಂದ ತೋರಿಸಬಹುದು. ಮೊದಲ ಕೈಪಿಡಿಯ ತಾರೀಖಾದ ೧೯೭೧ರ ನವೆಂಬರ್ ೩ರ ಆರಂಭವನ್ನು ಹಳೆಯ ಎಣಿಕೆಯಲ್ಲಿ ಬರೆದರೆ ೧,೫೮,೬೩,೦೪,೦೦೦ ಎಂಬ ಸಂಖ್ಯೆ ಬರುತ್ತದೆ. ಇದೇ ಸಂಖ್ಯೆಯನ್ನು ಹೊಸ ಎಣಿಕೆಯಂತೆ ಓದಿದರೆ ಅದು ೨೦೨೦ರ ಏಪ್ರಿಲ್ ೮ ಆಗುತ್ತದೆ. ಸಂಖ್ಯೆಯಲ್ಲಿ ಒಂದು ಅಂಕಿಯೂ ತಪ್ಪಿಲ್ಲ. ಆದರೂ ನಾಲ್ವತ್ತೆಂಟು ವರ್ಷಗಳಿಗೂ ಹೆಚ್ಚಿನ ಅಂತರ ಬಂದುಹೋಯಿತು. ಕಡತದೊಳಗೆ ಸಂಖ್ಯೆಯಿದೆಯೇ ಹೊರತು, ಅದನ್ನು ಯಾವ ಎಣಿಕೆಯಲ್ಲಿ ಓದಬೇಕೆಂಬ ಸೂಚನೆಯಿಲ್ಲ. ಆ ಸೂಚನೆಯಿರುವುದು ಕೈಪಿಡಿಯಲ್ಲಿ. ಕೈಪಿಡಿ ಕಳೆದುಹೋದರೆ ಕಡತವು ಇದ್ದೂ ಇಲ್ಲದಂತಾಗುತ್ತದೆ.

ಇದರ ಜೊತೆಗೆ ಬೈಟುಗಳ ಅನುಕ್ರಮದ ಪ್ರಶ್ನೆಯೊಂದುಂಟು. ನಾಲ್ಕು ಬೈಟುಗಳ ಒಂದು ಸಂಖ್ಯೆಯನ್ನು ಬರೆಯುವಾಗ ದೊಡ್ಡ ಸ್ಥಾನವನ್ನು ಮೊದಲು ಬರೆಯುವ ಯಂತ್ರಗಳೂ ಇವೆ, ಚಿಕ್ಕ ಸ್ಥಾನವನ್ನು ಮೊದಲು ಬರೆಯುವ ಯಂತ್ರಗಳೂ ಇವೆ. ಯೂನಿಕ್ಸ್ ಬೆಳೆದ ಪಿ.ಡಿ.ಪಿ.-೧೧ ಯಂತ್ರದಲ್ಲಿ ಇವೆರಡೂ ಅಲ್ಲದ ಮೂರನೆಯ ಕ್ರಮವೊಂದು ಬಳಕೆಯಲ್ಲಿತ್ತು: ಸಂಖ್ಯೆಯ ಎರಡು ಅರ್ಧಗಳಲ್ಲಿ ದೊಡ್ಡದು ಮೊದಲು, ಪ್ರತಿ ಅರ್ಧದೊಳಗೆ ಚಿಕ್ಕ ಬೈಟು ಮೊದಲು. ಒಂದು ಯಂತ್ರದ ದಿನಚರಿಯನ್ನು ಇನ್ನೊಂದಕ್ಕೆ ಕೊಂಡೊಯ್ದು ಹಾಗೆಯೇ ಓದಿದರೆ ತಾರೀಖುಗಳು ಅಸಂಬದ್ಧವಾಗುವುದು ಇದರಿಂದ.

೩. ರೂಪಭೇದಗಳು

೧೯೭೯ರ ಏಳನೆಯ ಆವೃತ್ತಿಯಲ್ಲಿ ನಮೂದಿನ ಉದ್ದ ೨೦ ಬೈಟುಗಳಿಗೆ ಏರಿತು. ಟರ್ಮಿನಲ್ಲಿನ ಹೆಸರಿಗೆ ಒಂದಕ್ಷರದ ಬದಲು ಎಂಟಕ್ಷರ ದೊರೆಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯಲ್ಲಿ ಬೆಳೆದ ಬಿ.ಎಸ್.ಡಿ. ಎಂಬ ಕವಲಿನಲ್ಲಿ, ೧೯೮೩ರ ೪.೨ನೆಯ ಆವೃತ್ತಿಯಿಂದ, ದೂರದ ಯಂತ್ರದ ಹೆಸರಿಗೆಂದು ಹದಿನಾರು ಬೈಟುಗಳು ಸೇರಿ ಉದ್ದವು ೩೬ ಆಯಿತು. ಗಣಕಜಾಲಗಳು ಬಂದುದರಿಂದ ಬಳಸುವವನು ಯಂತ್ರದ ಬಳಿಯಲ್ಲಿಯೇ ಕುಳಿತಿರಬೇಕಾದ ಅಗತ್ಯ ತಪ್ಪಿತು. ಎಲ್ಲಿಂದ ಬಂದನೆಂಬುದೂ ದಾಖಲೆಯಾಗಬೇಕಾಯಿತು. ಕಡತದ ರೂಪವೇ ಹೀಗೆ ಕಾಲದ ಸ್ಥಿತಿಗೆ ಸಾಕ್ಷಿ ನುಡಿಯುತ್ತದೆ.

ಅಮೆರಿಕದ ಎ.ಟಿ. ಅಂಡ್ ಟಿ. ಸಂಸ್ಥೆಯ ಸಿಸ್ಟಂ ಫೈವ್ ಎಂಬ ಇನ್ನೊಂದು ಕವಲು ಬೇರೆ ದಾರಿ ಹಿಡಿಯಿತು. ಅಲ್ಲಿ ಪ್ರತಿ ನಮೂದಿಗೂ ಅದು ಯಾವ ಬಗೆಯ ಘಟನೆಯೆಂಬ ಸಂಕೇತ, ನಾಲ್ಕಕ್ಷರದ ಗುರುತು, ನಡೆಯುತ್ತಿರುವ ಕಾರ್ಯಕ್ರಮದ ಸಂಖ್ಯೆ ಇವು ಸೇರಿದವು; ಆದರೆ ದೂರದ ಯಂತ್ರದ ಹೆಸರಿಗೆ ಜಾಗವಿರಲಿಲ್ಲ. ೩೨ ಬಿಟ್ಟುಗಳ ಯಂತ್ರಗಳಲ್ಲಿ ಈ ನಮೂದಿನ ಉದ್ದವೂ ೩೬ ಬೈಟುಗಳೇ ಎಂಬುದು ಗಮನಾರ್ಹ. ಆದುದರಿಂದ ಕೇವಲ ಉದ್ದವನ್ನು ಅಳೆದು ಕಡತವು ಯಾವ ಕವಲಿಗೆ ಸೇರಿದ್ದೆಂದು ತೀರ್ಮಾನಿಸುವಂತಿಲ್ಲ. ಅಳತೆ ಒಂದೇ, ಒಳಗಿನ ಅಂಕಣಗಳು ಬೇರೆ. ಒಂದರಲ್ಲಿ ಊರಿನ ವಿವರವಿದೆ, ಇನ್ನೊಂದರಲ್ಲಿ ಘಟನೆಯ ಬಗೆಯಿದೆ.

ಸಿಸ್ಟಂ ಫೈವಿನ ನಾಲ್ಕನೆಯ ಬಿಡುಗಡೆಯಲ್ಲಿ 'ಯುಟಿಎಂಪಿಎಕ್ಸ್' ಎಂಬ ವಿಸ್ತೃತ ರೂಪ ಬಂದಿತು. ಮುಂದೆ ೨೦೦೧ರ ಪಾಸಿಕ್ಸ್ ಪ್ರಮಾಣಗ್ರಂಥವು ಇದೇ ಹೆಸರಿನ ವ್ಯವಸ್ಥೆಯನ್ನು ಅಂಗೀಕರಿಸಿತು. ಆದರೆ ಅದು ಹಾಜರಿ ಕಡತವನ್ನು ಓದಿ ಬರೆಯುವ ವಿಧಾನಕ್ಕೆ ಮಾತ್ರ ನಿಯಮ ಹಾಕಿತು. ಹಿಂದಿನದನ್ನು ಕಾಯುವ ದಿನಚರಿಯ ವಿಷಯದಲ್ಲಿ ಮೌನವಾಗಿ ಉಳಿಯಿತು. ವರ್ತಮಾನಕ್ಕೆ ಪ್ರಮಾಣವುಂಟು, ಭೂತಕ್ಕಿಲ್ಲ ಎಂಬ ಈ ಸ್ಥಿತಿಯಲ್ಲಿ ಪ್ರತಿಯೊಂದು ವ್ಯವಸ್ಥೆಯೂ ತನ್ನ ದಿನಚರಿಯನ್ನು ತನಗೆ ತೋರಿದಂತೆ ಇಟ್ಟುಕೊಂಡು ಬಂದಿತು.

೪. ೨೦೧೦ರ ಪರಿವರ್ತನೆ

ಬಿ.ಎಸ್.ಡಿ. ಕವಲಿನ ಉತ್ತರಾಧಿಕಾರಿಗಳಲ್ಲೊಂದಾದ ಫ್ರೀಬಿಎಸ್‌ಡಿ ವ್ಯವಸ್ಥೆಯು ೨೦೧೦ರ ಜನವರಿಯಲ್ಲಿ ಹಳೆಯ ರೂಪವನ್ನು ಬಿಟ್ಟು ಪಾಸಿಕ್ಸ್ ಒಪ್ಪಿದ ರೂಪವನ್ನು ಹಿಡಿಯಿತು. ಈ ಕೆಲಸವನ್ನು ನಡೆಸಿದವರು ಎಡ್ ಸ್ಕೌಟನ್. ಸಾರ್ವಜನಿಕರಿಗೆ ಇದು ೨೦೧೨ರ ಜನವರಿಯಲ್ಲಿ ಹೊರಬಂದ ೯.೦ ಆವೃತ್ತಿಯಲ್ಲಿ ದೊರೆಯಿತು. ಹಳೆಯ ನಮೂದಿಗೂ ಹೊಸ ನಮೂದಿಗೂ ಅರ್ಥದಲ್ಲಿಯೇ ಹೊಂದಿಕೆಯಿಲ್ಲವಾದುದರಿಂದ ಎರಡನ್ನೂ ಒಟ್ಟಿಗೆ ನಡೆಸುವುದು ಅಸಾಧ್ಯಪ್ರಾಯವೆಂದು ಅಂದಿನ ಪ್ರಕಟಣೆ ತಿಳಿಸಿತು. ಹಳೆಯ ದಿನಚರಿಗಳನ್ನು ಹೊಸ ರೂಪಕ್ಕೆ ತಿರುಗಿಸಲು 'ಡಬ್ಲ್ಯುಟಿಎಂಪಿ-ಸಿವಿಟಿ' ಎಂಬ ಚಿಕ್ಕ ಕಾರ್ಯಕ್ರಮವನ್ನು ಒದಗಿಸಲಾಯಿತು. ಒಳಗಿನ ವಿಷಯಕ್ಕೆ ಇನ್ನು ಮಹತ್ತ್ವವಿಲ್ಲವೆಂದಾದರೆ ಹಳೆಯ ಕಡತಗಳನ್ನು ತೆಗೆದುಹಾಕಲು ಅಡ್ಡಿಯಿಲ್ಲವೆಂಬ ಸೂಚನೆಯೂ ಅದೇ ಪ್ರಕಟಣೆಯಲ್ಲಿದೆ. ಮಹತ್ತ್ವವನ್ನು ತೂಗುವವರು ಯಾರು ಎಂಬ ಪ್ರಶ್ನೆಗೆ ಉತ್ತರವು ಆಯಾ ಯಂತ್ರದ ಮೇಲ್ವಿಚಾರಕನಿಗೆ ಬಿಟ್ಟದ್ದು.

ಹೊಸ ರೂಪದ ಗುಣಗಳನ್ನು ಮೊದಲು ಒಪ್ಪಬೇಕು. ಇದರಲ್ಲಿ ಸಂಖ್ಯೆಗಳನ್ನು ಎಲ್ಲ ಯಂತ್ರಗಳಲ್ಲಿಯೂ ಒಂದೇ ಕ್ರಮದಲ್ಲಿ, ದೊಡ್ಡ ಸ್ಥಾನ ಮೊದಲಾಗಿ, ಬರೆಯಲಾಗುತ್ತದೆ, ಪಿ.ಡಿ.ಪಿ.-೧೧ರ ಕಾಲದ ಗೊಂದಲ ಇಲ್ಲಿಲ್ಲ. ಕಾಲವನ್ನು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದವರೆಗೆ, ೬೪ ಬಿಟ್ಟುಗಳಲ್ಲಿ ಇಡಲಾಗುತ್ತದೆ. ಹಳೆಯ ಕಡತದಲ್ಲಿ ಎಲ್ಲ ನಮೂದುಗಳೂ ೪೪ ಬೈಟುಗಳ ಸಮಾನ ಉದ್ದವುಳ್ಳವು. ಹೊಸದರಲ್ಲಿ ಪ್ರತಿ ನಮೂದಿನ ಮುಂದೆಯೂ ಅದರ ಉದ್ದವನ್ನು ಬರೆದು, ಕೊನೆಯ ಖಾಲಿ ಜಾಗವನ್ನು ಕತ್ತರಿಸಿ ಇಡುತ್ತಾರೆ.

ಆದರೆ ಪರಿವರ್ತನೆಯೆಂದರೆ ಅಕ್ಷರಗಳನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವ ಕೆಲಸ ಮಾತ್ರವಲ್ಲ. ಹಳೆಯ ನಮೂದಿನಲ್ಲಿ ಘಟನೆಯ ಬಗೆಗೆ ಅಂಕಣವಿಲ್ಲ. ಅದು ಸಂಕೇತದಲ್ಲಿ ಅಡಗಿದೆ. ಹೆಸರು ಖಾಲಿಯಿದ್ದರೆ ನಿರ್ಗಮನ. ಟರ್ಮಿನಲ್ಲಿನ ಜಾಗದಲ್ಲಿ ಒಂದು ಅಲೆಗೆರೆಯಿದ್ದರೆ ಯಂತ್ರದ ಆರಂಭ ಅಥವಾ ನಿಲುಗಡೆ. ನಿಲುಗೆರೆಯೂ ಆವರಣ ಚಿಹ್ನೆಯೂ ಒಂದಾದಮೇಲೊಂದು ಬಂದರೆ ಮೇಲ್ವಿಚಾರಕನು ಗಡಿಯಾರವನ್ನು ಸರಿಪಡಿಸಿದನೆಂದು ಅರ್ಥ. ಪರಿವರ್ತಿಸುವ ಕಾರ್ಯಕ್ರಮವು ಇವನ್ನೆಲ್ಲ ಓದಿ, ಅರ್ಥಮಾಡಿ, ಹೊಸ ಅಂಕಣದಲ್ಲಿ ಸ್ಪಷ್ಟ ಪದವಾಗಿ ಬರೆಯಬೇಕು. ಇದು ಪ್ರತಿಕಾರನ ಕೆಲಸಕ್ಕಿಂತ ವ್ಯಾಖ್ಯಾನಕಾರನ ಕೆಲಸಕ್ಕೆ ಹತ್ತಿರವಾದುದು.

ಮೇಲಾಗಿ, ಹಳೆಯದರಲ್ಲಿ ಇಲ್ಲದ ವಿಷಯವನ್ನು ಯಾವ ಪರಿವರ್ತನೆಯೂ ತಂದುಕೊಡಲಾರದು. ಕಾರ್ಯಕ್ರಮದ ಸಂಖ್ಯೆ ಹಳೆಯ ನಮೂದಿನಲ್ಲಿರಲಿಲ್ಲ. ಹೊಸ ಅಂಕಣ ಬರಿದಾಗಿಯೇ ಉಳಿಯಬೇಕು. ಹದಿನಾರು ಬೈಟುಗಳಲ್ಲಿ ಹಿಡಿಸದ ದೂರದ ಯಂತ್ರದ ಹೆಸರಿಗೆ ಹೊಸ ಕಡತದಲ್ಲಿ ವಿಶಾಲವಾದ ಜಾಗ ಸಿಕ್ಕಿದರೂ, ಆ ಪೂರ್ಣ ಹೆಸರು ಮರಳಿ ಬಾರದು. ಸೆಕೆಂಡಿನವರೆಗೆ ಮಾತ್ರ ತಿಳಿದಿದ್ದ ಕಾಲವು ಹೊಸ ರೂಪದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದವರೆಗೆ ನಿಖರವಾದಂತೆ ತೋರುತ್ತದೆ. ಆ ಆರು ಸೊನ್ನೆಗಳು ಅಳತೆಯಿಂದ ಬಂದವಲ್ಲ, ರೂಪದಿಂದ ಬಂದವು. ಪರಿವರ್ತಿತವೆಂಬುದನ್ನು ತಿಳಿಯದ ಓದುಗನು ಇವನ್ನು ಮೂಲದ ಸಾಕ್ಷ್ಯವೆಂದೇ ನಂಬಿಯಾನು.

೫. ೨೦೩೮ರ ಗಡುವು

ಲಿನಕ್ಸ್ ವ್ಯವಸ್ಥೆಯಲ್ಲಿ ನಮೂದಿನ ಉದ್ದ ೩೮೪ ಬೈಟುಗಳು. ದೂರದ ಯಂತ್ರದ ಹೆಸರೊಂದಕ್ಕೇ ೨೫೬ ಬೈಟುಗಳುಂಟು. ಇಷ್ಟು ಉದಾರವಾದ ರೂಪದಲ್ಲಿಯೂ ಕಾಲಕ್ಕೆ ದೊರೆತದ್ದು ೩೨ ಬಿಟ್ಟುಗಳೇ. ೩೨ ಬಿಟ್ಟುಗಳ ಕಾರ್ಯಕ್ರಮಗಳೂ ೬೪ ಬಿಟ್ಟುಗಳ ಕಾರ್ಯಕ್ರಮಗಳೂ ಒಂದೇ ಕಡತವನ್ನು ಬಳಸಲೆಂಬ ಸದುದ್ದೇಶದಿಂದ, ಬಹುವಾಗಿ ಬಳಕೆಯಲ್ಲಿರುವ ೬೪ ಬಿಟ್ಟುಗಳ ಯಂತ್ರಗಳಲ್ಲಿಯೂ ಈ ಅಳತೆಯನ್ನು ಉಳಿಸಿಕೊಂಡರು. ಧನಸಂಖ್ಯೆಗಳಿಗೆ ಇದರಲ್ಲಿ ಉಳಿಯುವುದು ೩೧ ಬಿಟ್ಟುಗಳು ಮಾತ್ರ. ೨೦೩೮ರ ಜನವರಿ ೧೯ರಂದು, ಭಾರತೀಯ ಕಾಲಮಾನದಂತೆ ಬೆಳಗ್ಗೆ ೮ ಗಂಟೆ ೪೪ ನಿಮಿಷ ೭ ಸೆಕೆಂಡಿಗೆ, ಎಣಿಕೆ ಮುಗಿಯುತ್ತದೆ. ೧೯೭೧ರಲ್ಲಿ ಎರಡೂಕಾಲು ವರ್ಷಕ್ಕೆ ಎದುರಾದ ತೊಡಕೇ ಇಲ್ಲಿ ಅರವತ್ತೆಂಟು ವರ್ಷಕ್ಕೆ ಎದುರಾಗಿದೆ.

ಇದಕ್ಕೆ ಪರಿಹಾರವಾಗಿ ಸೂಸೆ ಸಂಸ್ಥೆಯ ಥಾರ್ಸ್ಟನ್ ಕುಕುಕ್ ಅವರು ೨೦೨೩ರಲ್ಲಿ 'ಡಬ್ಲ್ಯುಟಿಎಂಪಿ-ಡಿಬಿ' ಎಂಬ ಹೊಸ ವ್ಯವಸ್ಥೆಯನ್ನು ರಚಿಸಿದರು. ಇದು ದಿನಚರಿಯನ್ನು ಎಸ್‌ಕ್ಯೂಲೈಟ್ ಎಂಬ ದತ್ತಾಂಶಕೋಶದಲ್ಲಿ ಇಡುತ್ತದೆ. ಇಲ್ಲಿ ಬದಲಾದುದು ಕಾಲದ ಅಳತೆಯೊಂದೇ ಅಲ್ಲ. ಹಳೆಯ ದಿನಚರಿಯಲ್ಲಿ ಬಂದದ್ದು ಒಂದು ನಮೂದು, ಹೋದದ್ದು ಇನ್ನೊಂದು ನಮೂದು. ಹೊಸದರಲ್ಲಿ ಒಬ್ಬನ ಒಂದು ಭೇಟಿಗೆ ಒಂದೇ ಸಾಲು. ಆ ಸಾಲಿನಲ್ಲಿಯೇ ಬಂದ ಕಾಲ, ಹೋದ ಕಾಲ ಎರಡೂ ಇವೆ. ಹಳೆಯದನ್ನು ಹೊಸದಕ್ಕೆ ತಿರುಗಿಸಬೇಕಾದರೆ ಯಾವ ನಿರ್ಗಮನ ಯಾವ ಪ್ರವೇಶಕ್ಕೆ ಸೇರಿದ್ದೆಂದು ಜೋಡಿಸಬೇಕಾಗುತ್ತದೆ. ವಿದ್ಯುತ್ತು ನಿಂತು ಯಂತ್ರವು ಹಠಾತ್ತಾಗಿ ಸ್ತಬ್ಧವಾದರೆ ನಿರ್ಗಮನದ ನಮೂದೇ ಇರುವುದಿಲ್ಲ. ಹಳೆಯ ದಿನಚರಿಯನ್ನು ಓದಿ ತೋರಿಸುವ 'ಲಾಸ್ಟ್' ಎಂಬ ಕಾರ್ಯಕ್ರಮವು ಅಂಥಲ್ಲಿ 'ಕ್ರ್ಯಾಷ್' ಎಂದು ಮುದ್ರಿಸುತ್ತಿತ್ತು. ಆ ಪದ ದಾಖಲೆಯಲ್ಲಿರಲಿಲ್ಲ. ಅದು ಓದುವ ಕಾರ್ಯಕ್ರಮದ ಊಹೆ. ಊಹೆಯನ್ನು ಓದುವಾಗ ಮಾಡಿದರೆ ಮೂಲಕ್ಕೆ ಬಾಧೆಯಿಲ್ಲ; ಪರಿವರ್ತಿಸುವಾಗ ಮಾಡಿ, ಮೂಲವನ್ನು ಅಳಿಸಿದರೆ, ಊಹೆಯೇ ಮೂಲವಾಗುತ್ತದೆ.

೨೦೨೫ರ ಆಗಸ್ಟಿನಲ್ಲಿ ಹೊರಬಂದ ಡೆಬಿಯನ್ ೧೩ ವ್ಯವಸ್ಥೆಯಲ್ಲಿ ಈ ಬದಲಾವಣೆಯನ್ನು ನೇರವಾಗಿ ಕಾಣಬಹುದು. ಅದರ ಬಿಡುಗಡೆಯ ಟಿಪ್ಪಣಿಯ ಪ್ರಕಾರ ಹೊಸ ವ್ಯವಸ್ಥೆಯನ್ನು ಸ್ಥಾಪಿಸಿಕೊಂಡವರ ದಿನಚರಿಯು ಹೊಸ ರೂಪಕ್ಕೆ ಬರುತ್ತದೆ. ಇನ್ನೂ ಹಳೆಯ ದಿನಚರಿಗಳನ್ನು ಆಮದು ಮಾಡಿಕೊಂಡು ಓದಬಹುದು. ಸ್ಥಾಪಿಸಿಕೊಳ್ಳದವರಿಗೆ ಹಳೆಯ ಕಡತಗಳನ್ನು ತೆಗೆದುಹಾಕುವ ಸಲಹೆಯಿದೆ. ಪ್ರವೇಶಿಸಲು ಯತ್ನಿಸಿ ವಿಫಲರಾದವರ ಕಡತಕ್ಕೂ, ಪ್ರತಿಯೊಬ್ಬನ ಕೊನೆಯ ಪ್ರವೇಶವನ್ನು ಹೇಳುವ ಕಡತಕ್ಕೂ ಅಲ್ಲಿ ಓದುವ ಸಾಧನವೇ ಇಲ್ಲ. ಅವನ್ನು ಅಳಿಸಬಹುದೆಂದು ಟಿಪ್ಪಣಿ ಹೇಳುತ್ತದೆ. ಯಂತ್ರವನ್ನು ನಡೆಸುವವರ ದೃಷ್ಟಿಯಿಂದ ಈ ಸಲಹೆ ತಪ್ಪೆನ್ನಲಾಗದು. ಆದರೆ ಓದುವ ಸಾಧನವಿಲ್ಲವೆಂಬ ಕಾರಣದಿಂದ ಲಿಪಿಯನ್ನೇ ನಾಶಮಾಡುವುದನ್ನು ಚರಿತ್ರೆಯ ವಿದ್ಯಾರ್ಥಿ ಸುಲಭವಾಗಿ ಒಪ್ಪಲಾರನು.

೬. ಆಕ್ಷೇಪ ಮತ್ತು ಸಮಾಧಾನ

ಇಂಥ ಅಲ್ಪ ವಿವರಗಳಿಂದ ಪ್ರಯೋಜನವೇನೆಂದು ಕೆಲವರು ಕೇಳಬಹುದು. ೧೯೮೬ರ ಆಗಸ್ಟಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯಲ್ಲಿ ನಡೆದ ಪ್ರಸಂಗ ಇದಕ್ಕೆ ಉತ್ತರ ಕೊಡುತ್ತದೆ. ಯಂತ್ರದ ಬಳಕೆಯ ಎರಡು ಬೇರೆ ಬೇರೆ ಲೆಕ್ಕಗಳ ನಡುವೆ ೭೫ ಸೆಂಟುಗಳ ವ್ಯತ್ಯಾಸ ಕಂಡುಬಂದಿತು. ಖಗೋಳವಿಜ್ಞಾನಿಯಾಗಿದ್ದ ಕ್ಲಿಫರ್ಡ್ ಸ್ಟಾಲ್ ಅದರ ಬೆನ್ನುಹತ್ತಿ, ಅಮೆರಿಕದ ಸೈನಿಕ ಸಂಬಂಧದ ಗಣಕಗಳಿಗೂ ನುಗ್ಗುತ್ತಿದ್ದವನೊಬ್ಬನು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದಲ್ಲಿರುವುದನ್ನು ಪತ್ತೆಮಾಡಿಸಿದರು. ಒಂದೇ ಲೆಕ್ಕವಿದ್ದಿದ್ದರೆ ವ್ಯತ್ಯಾಸವೇ ತೋರುತ್ತಿರಲಿಲ್ಲ. ಸ್ವತಂತ್ರವಾಗಿ ಬರೆದ ಎರಡು ದಾಖಲೆಗಳನ್ನು ಒಟ್ಟಿಗಿಟ್ಟು ನೋಡುವುದರಿಂದ ಸತ್ಯ ಹೊರಡುತ್ತದೆಂಬ ನಮ್ಮ ಶಾಸ್ತ್ರದ ಸಾಮಾನ್ಯ ಸೂತ್ರಕ್ಕೆ ಇದು ಒಳ್ಳೆಯ ನಿದರ್ಶನ. ಮೂಲವನ್ನೂ ಪರಿವರ್ತಿತ ಪ್ರತಿಯನ್ನೂ ಒಟ್ಟಿಗೆ ಇಡಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಾಗಿಲ್ಲ.

ಇದಕ್ಕೆ ಪ್ರತಿಯಾದ ಇನ್ನೊಂದು ಆಕ್ಷೇಪ ಹೆಚ್ಚು ತೂಕವುಳ್ಳದ್ದು. ಲಾಗಿನ್ ದಾಖಲೆಯು ಮನುಷ್ಯರ ನಡೆವಳಿಕೆಯ ದಾಖಲೆ. ಒಬ್ಬನು ರಾತ್ರಿ ಎಷ್ಟು ಹೊತ್ತಿನವರೆಗೆ ಕೆಲಸ ಮಾಡಿದನು, ಎಲ್ಲಿಂದ ಬಂದನು ಎಂಬುದನ್ನು ಅವನ ಒಪ್ಪಿಗೆಯಿಲ್ಲದೆ ಚಿರಕಾಲ ಕಾಯ್ದಿಡುವುದು ನ್ಯಾಯವೇ? ಮಸ್ಲ್ ಎಂಬ ಕಾರ್ಯಕ್ರಮಕೋಶವು ಈ ದಾಖಲೆಯ ಕ್ರಿಯೆಗಳನ್ನು ಹೆಸರಿಗೆ ಮಾತ್ರ ಉಳಿಸಿ, ವಾಸ್ತವವಾಗಿ ಏನನ್ನೂ ಬರೆಯದಂತೆ ರಚಿತವಾಗಿದೆ. ಮರೆಯುವುದೂ ಒಂದು ವ್ಯವಸ್ಥೆಯ ಧರ್ಮವಾಗಬಹುದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ವಾದವಿಷ್ಟೆ: ಅಳಿಸುವುದಾದರೆ ಅದು ವಿಚಾರಮಾಡಿ ಕೈಗೊಂಡ ನಿರ್ಣಯವಾಗಿರಲಿ, ವ್ಯವಸ್ಥೆಯನ್ನು ಹೊಸದು ಮಾಡುವ ಭರದಲ್ಲಿ ತಾನಾಗಿ ನಡೆದುಹೋಗುವ ಆಕಸ್ಮಿಕವಾಗದಿರಲಿ.

ಹಳೆಯ ಕಡತಗಳಿರುವ ಕಾಲೇಜುಗಳೂ ವಿಶ್ವವಿದ್ಯಾನಿಲಯಗಳೂ ಆಚರಿಸಬಹುದಾದ ಕೆಲವು ನಿಯಮಗಳನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. ಮೊದಲನೆಯದಾಗಿ, ಪರಿವರ್ತಿಸುವ ಮುನ್ನ ಮೂಲ ಕಡತದ ಯಥಾಪ್ರತಿಯೊಂದನ್ನು ತೆಗೆದು, ಯಾರೂ ತಿದ್ದದಂತೆ ಬೇರೆಡೆ ಇಡಬೇಕು. ಎರಡನೆಯದಾಗಿ, ಅದು ಯಾವ ಯಂತ್ರದ್ದು, ಯಾವ ವ್ಯವಸ್ಥೆಯ ಯಾವ ಆವೃತ್ತಿಯದು, ಬೈಟುಗಳ ಕ್ರಮವೇನು, ಕಾಲದ ಎಣಿಕೆ ಎಲ್ಲಿಂದ ಎಂಬುದನ್ನು ಸಾದಾ ಬರಹದಲ್ಲಿ ಜೊತೆಗಿಡಬೇಕು. ಮೂರನೆಯದಾಗಿ, ಪರಿವರ್ತಿಸಿದ ಕಾರ್ಯಕ್ರಮವನ್ನೂ ಪರಿವರ್ತಿಸಿದ ದಿನವನ್ನೂ ದಾಖಲಿಸಬೇಕು. ನಾಲ್ಕನೆಯದಾಗಿ, ಮೂಲದಲ್ಲಿಲ್ಲದ ಅಂಕಣವನ್ನು ಬರಿದಾಗಿಯೇ ಬಿಡಬೇಕು. ಐದನೆಯದಾಗಿ, ವ್ಯಕ್ತಿಗಳ ಗೌರವಕ್ಕೆ ಧಕ್ಕೆ ಬಾರದಂತೆ, ಎಷ್ಟು ವರ್ಷ ಮುಚ್ಚಿಡಬೇಕು, ಯಾವುದನ್ನು ಅಳಿಸಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು.

೧೯೭೧ರಲ್ಲಿ ಹದಿನಾರು ಬೈಟುಗಳ ನಮೂದನ್ನು ರೂಪಿಸಿದವರಿಗೆ ತಾವು ಚರಿತ್ರೆಯ ಆಕರವೊಂದನ್ನು ನಿರ್ಮಿಸುತ್ತಿದ್ದೇವೆಂಬ ಅರಿವು ಪ್ರಾಯಶಃ ಇರಲಿಲ್ಲ. ಇಂದು ಪರಿವರ್ತಿಸುವವರಿಗೆ ಆ ಅರಿವು ಇರಬೇಕೆಂದು ನಾವು ಅಪೇಕ್ಷಿಸುವುದು ಅತಿಯಾಗಲಾರದು. ಮೂಲವು ಉಳಿದಿದ್ದರೆ ಇಂದಿನ ಪರಿವರ್ತನೆಯ ತಪ್ಪನ್ನು ನಾಳೆ ತಿದ್ದಬಹುದು. ಮೂಲವೇ ಹೋದಮೇಲೆ ತಪ್ಪೆಂದು ಹೇಳುವುದಕ್ಕೂ ಆಧಾರವಿರುವುದಿಲ್ಲ.